ಅನ್ಯರ ಮಟ್ಟಿನಲ್ಲಿ ಯಹೂದ್ಯರ ಸ್ತುತಿಗೀತೆ

ಕ್ರಿ. ಶ. 1492ರಲ್ಲಿ ಸ್ಪೇನ್ ದೇಶದಿಂದ ಹೊರದೂಡಲ್ಪಟ್ಟ ಯಹೂದ್ಯರಲ್ಲಿ ಬಹುಮಂದಿ ತುರ್ಕಿ ಸುಲ್ತಾನರ ರಾಜ್ಯದಲ್ಲಿ ಆಶ್ರಯ ಪಡೆದರು. ಮನೆಮಾರು ಕಳೆದುಕೊಂಡರೂ ಸ್ಪ್ಯಾನಿಷ್ ನುಡಿಯನ್ನೂ ಅದರ ಹಾಡುಗಳನ್ನೂ ಅವರು ಬಿಡಲಿಲ್ಲ. ಹೊಸ ನೆಲದಲ್ಲಿ ತುರ್ಕಿ, ಅರಬ್ಬಿ, ಗ್ರೀಕ್ ಹಾಡುಗಳೂ ಅವರ ಕಿವಿಗೆ ಬಿದ್ದವು. ಇವುಗಳಲ್ಲಿ ಶೃಂಗಾರದ ಹಾಡುಗಳೇನು ಕಡಮೆಯಲ್ಲ. ಇಂಥ ಮಟ್ಟುಗಳು ದೇವರ ಸ್ತುತಿಗೆ ಸಲ್ಲುವುವೇ? ಪ್ರಶ್ನೆ ಹಳೆಯದು. ಹನ್ನೊಂದನೆಯ ಶತಮಾನದ ಧರ್ಮಶಾಸ್ತ್ರಜ್ಞ ಐಸಾಕ್ ಅಲ್ಫಾಸಿಯು ಅರಬರ ಹಾಡುಗಳನ್ನು ಹಾಡುವ ಪ್ರಾರ್ಥನಾಗಾಯಕನನ್ನು ಆ ಸ್ಥಾನದಿಂದ ತೆಗೆಯಬೇಕೆಂದೇ ವಿಧಿಸಿದ್ದನು.

ಡಮಾಸ್ಕಸ್ಸಿನಲ್ಲಿ ಬಾಳಿ, ಕಡೆಗಾಲದಲ್ಲಿ ಗಾಜಾದ ಧರ್ಮಗುರುವಾಗಿದ್ದ ಇಸ್ರಯೇಲ್ ನಜಾರಾ ಕವಿ ಬೇರೆ ದಾರಿ ಹಿಡಿದನು. ಅವನ ‘ಝೆಮಿರೋತ್ ಇಸ್ರಯೇಲ್’ 1587ರಲ್ಲಿ ಗಲಿಲಾಯದ ಸಫೇದ್ ನಗರದಲ್ಲಿ ಅಚ್ಚಾಯಿತು. ಹೀಬ್ರೂ ಸ್ತುತಿಗೀತೆಗಳ ನೆತ್ತಿಯ ಮೇಲೆ ಇಂಥ ಹಾಡಿನ ಮಟ್ಟು ಎಂಬ ಸೂಚನೆಯಿದೆ. ಆ ಹಾಡುಗಳು ಪರಭಾಷೆಯ ಲೌಕಿಕ ಹಾಡುಗಳು. ಜನರ ನಾಲಗೆಯಿಂದ ಹೊಲಸು ಮಾತನ್ನು ತೊಲಗಿಸಿ ಅದೇ ರಾಗದಲ್ಲಿ ದೈವಸ್ತುತಿಯನ್ನು ನೆಲೆಗೊಳಿಸುವುದು ಅವನ ಉದ್ದೇಶವಾಗಿತ್ತು. ಅವನು ಮಟ್ಟಿನಷ್ಟಕ್ಕೇ ನಿಲ್ಲಲಿಲ್ಲ. ಸ್ಪ್ಯಾನಿಷ್ ಹಾಡಿನಲ್ಲಿ ಪ್ರಣಯಿಯು ತನ್ನ ಪ್ರಾಣ ಹೋಗುತ್ತಿದೆಯೆಂದು ಗೋಳಿಡುವಲ್ಲಿ, ಉಚ್ಚಾರಣೆ ಹೆಚ್ಚುಕಡಮೆ ಅದೇ ಆಗಿದ್ದು ಅರ್ಥ ಪೂರ್ತಿ ಬೇರೆಯಾದ ಹೀಬ್ರೂ ಪದಗಳನ್ನು ಜೋಡಿಸಿದನು.

ಸಮಕಾಲೀನ ವಿದ್ವಾಂಸ ಮೆನಹೆಮ್ ದಿ ಲೊಂಜಾನೋ ಕೆರಳಿದುದು ಇಲ್ಲಿಯೇ. 1618ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಈ ಬಗೆಯ ಪದಾನುಕರಣವನ್ನು ಅವನು ಕಟುವಾಗಿ ಖಂಡಿಸಿದನು. ಹಾಡುವವನ ಬಾಯಲ್ಲಿ ದೇವರ ಮಾತಿದ್ದರೂ ಮನಸ್ಸು ಜಾರಿಣಿಯ ಮಾತನ್ನೇ ಕೇಳುತ್ತಿರುತ್ತದೆಂಬುದು ಆಕ್ಷೇಪ. ವಿಚಿತ್ರವೆಂದರೆ ಲೊಂಜಾನೋ ತಾನೇ ತುರ್ಕಿ ಮಟ್ಟುಗಳಲ್ಲಿ ಸ್ತುತಿಗೀತೆಗಳನ್ನು ಕಟ್ಟಿದವನು. ನೊಂದು ಬಾಗಿದ ಹೃದಯಕ್ಕೆ ಆ ರಾಗಗಳು ಒಗ್ಗುತ್ತವೆಂದು ಅವನ ಸಮರ್ಥನೆ. ರಾಗಕ್ಕೆ ದೋಷವಿಲ್ಲ, ಶಬ್ದದ ಪ್ರತಿಧ್ವನಿಗೆ ದೋಷವುಂಟು ಎಂಬ ಅವನ ಗೆರೆ ಸೂಕ್ಷ್ಮವಾದುದೇ ಸರಿ. ಆದರೆ ಬೀದಿಯಲ್ಲಿ ಹೆಸರಾದ ಹಾಡಿನ ರಾಗವೊಂದೇ ಅದರ ಮಾತುಗಳನ್ನು ನೆನಪಿಗೆ ತರಲಾರದೆ? ಇದಕ್ಕೆ ಅವನಲ್ಲಿ ಸಮಾಧಾನವಿದ್ದಂತೆ ಕಾಣದು. ಪೋಲೆಂಡಿನ ಯೋಯೆಲ್ ಸಿರ್ಕೆಸ್ (ಮರಣ 1640) ಇನ್ನೂ ಸಡಿಲವಾಗಿ ತೀರ್ಪಿತ್ತನು: ಅನ್ಯಮತದವರ ಆರಾಧನೆಗೇ ಮೀಸಲಾದ ರಾಗಗಳು ಮಾತ್ರ ವರ್ಜ್ಯ.

ನಜಾರಾನ ‘ಯಾಹ್ ರಿಬ್ಬೋನ್’ ಗೀತೆ ಅರಮೇಯಿಕ್ ಭಾಷೆಯದು. ಅದರ ಚರಣಗಳ ಮೊದಲಕ್ಷರಗಳನ್ನು ಕೂಡಿಸಿದರೆ ಇಸ್ರಯೇಲ್ ಎಂಬ ಕವಿಯ ಹೆಸರು ಮೂಡುತ್ತದೆ. ಸಬ್ಬತ್ ದಿನದ ಊಟದ ಪಂಕ್ತಿಯಲ್ಲಿ ಯಹೂದಿ ಕುಟುಂಬಗಳು ಅದನ್ನು ಇಂದಿಗೂ ಹಾಡುತ್ತವೆ, ಒಂದೊಂದು ದೇಶದವರು ಒಂದೊಂದು ಮಟ್ಟಿನಲ್ಲಿ.