ತರಗತಿಗೆ ಸ್ಕ್ರೀನ್ ಬಂತು, ಪಾಠದ ಹಿಡಿತ ಯಾರ ಕೈಗೆ ಹೋಯ್ತು?

ನಾನೀಗ ಬಿ.ಇಡಿ ಓದುತ್ತಿದ್ದೇನೆ. ಇನ್ನು ಸ್ವಲ್ಪ ದಿನಕ್ಕೆ ನನ್ನದೇ ಒಂದು ತರಗತಿ ಇರುತ್ತದೆ. ‘ಸ್ಮಾರ್ಟ್ ಕ್ಲಾಸ್ ಬಂದ್ರೆ ಸರ್ಕಾರಿ ಶಾಲೆ ಉದ್ಧಾರ ಆಗುತ್ತೆ’ ಅನ್ನೋರೂ ಸಿಗ್ತಾರೆ, ‘ಮೊಬೈಲಿಂದಲೇ ಮಕ್ಕಳು ಹಾಳಾಗಿದ್ದು’ ಅನ್ನೋರೂ ಸಿಗ್ತಾರೆ. ಇಬ್ಬರ ಕಣ್ಣೂ ಯಂತ್ರದ ಮೇಲೆಯೇ. ನನಗೆ ಮುಖ್ಯ ಅನಿಸುವ ಪ್ರಶ್ನೆ ಬೇರೆ: ಯಂತ್ರ ಒಳಗೆ ಬಂದ ಮೇಲೆ ಪಾಠದ ವೇಗ, ಭಾಷೆ, ಕ್ರಮ ತೀರ್ಮಾನಿಸುವವರು ಯಾರು?

ಐವತ್ತು ವರ್ಷದ ಹಳೆ ಕಥೆ

1975ರ ಆಗಸ್ಟ್‌ನಲ್ಲಿ ಇಸ್ರೊ, ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹ ಬಳಸಿ ‘ಸೈಟ್’ ಎಂಬ ಪ್ರಯೋಗ ಶುರು ಮಾಡಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿಯಲ್ಲಿ ಶಿಕ್ಷಣ, ಕೃಷಿ, ಆರೋಗ್ಯದ ಕಾರ್ಯಕ್ರಮಗಳು ತಲುಪಿದವು. ಅಂದಿನ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಒಂದು ವರ್ಷಕ್ಕೆ ಪ್ರಯೋಗ ಮುಗಿಯಿತು. 2004ರಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಹಾರಿತು. 2017ರಲ್ಲಿ ‘ದೀಕ್ಷಾ’ ವೇದಿಕೆ ಬಂತು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆದುಕೊಳ್ಳೋದು ಅದೇ.

ಉಪಗ್ರಹ ಹೋಗಿ ಆ್ಯಪ್ ಬಂದರೂ ದಾರಿ ಬಹುಪಾಲು ಒಂದೇ: ಪಾಠ ಎಲ್ಲೋ ತಯಾರಾಗುತ್ತದೆ, ಮಗು ನೋಡುತ್ತದೆ. ಅರ್ಥ ಆಗದೆ ಮಗು ಕೈ ಎತ್ತಿದರೆ ಉತ್ತರಿಸಬೇಕಾದವರು ಪಕ್ಕದಲ್ಲಿರುವ ಶಿಕ್ಷಕರೇ.

ಕೋವಿಡ್ ತೋರಿಸಿದ್ದು

2020ರಲ್ಲಿ ಶಾಲೆ ಮುಚ್ಚಿದಾಗ ಕರ್ನಾಟಕದಲ್ಲಿ ಎರಡು ಪ್ರಯತ್ನ ನಡೆದವು. ಒಂದು, ದೂರದರ್ಶನ ಚಂದನದಲ್ಲಿ ಬಂದ ‘ಸಂವೇದ’ ಪಾಠಗಳು. ಇನ್ನೊಂದು ‘ವಿದ್ಯಾಗಮ’. ಇದರಲ್ಲಿ ಶಿಕ್ಷಕರೇ ಊರಿಗೆ ಹೋಗಿ, ಗುಡಿ ಅಂಗಳ, ಮರದ ನೆರಳಲ್ಲಿ ಸಣ್ಣ ಗುಂಪುಗಳಿಗೆ ಕಲಿಸಿದರು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೆ ಟಿವಿ, ಮೊಬೈಲ್ ಇಲ್ಲದ ಮನೆಯ ಮಗುವನ್ನು ಹುಡುಕಿಕೊಂಡು ಹೋಗೋಕೆ ಆಗಿದ್ದು ಇದಕ್ಕೆ ಮಾತ್ರ.

ತಂತ್ರಜ್ಞಾನ ಅಂದ್ರೆ ಕರೆಂಟೇ ಇರಬೇಕಾ?

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಶುರುವಾಯಿತು. ಕಾರ್ಡು, ಕಲಿಕಾ ಏಣಿ, ಗುಂಪು ತಟ್ಟೆಗಳು. ಪ್ರತಿ ಮಗುವೂ ತನ್ನ ವೇಗದಲ್ಲಿ ಏಣಿ ಹತ್ತುತ್ತದೆ. ಇವತ್ತು ಆ್ಯಪ್ ಕಂಪನಿಗಳು ‘ವೈಯಕ್ತಿಕ ಕಲಿಕೆ’ ಅಂತ ಮಾರೋದು ಹೆಚ್ಚುಕಡಿಮೆ ಇದನ್ನೇ. ವ್ಯತ್ಯಾಸ ಏನಂದ್ರೆ, ನಲಿ-ಕಲಿಯನ್ನು ಕಟ್ಟುವುದರಲ್ಲಿ ಶಿಕ್ಷಕರ ಕೈಯಿತ್ತು. ಆ್ಯಪ್ ಒಳಗೆ ಏನು ನಡೆಯುತ್ತೆ ಅನ್ನೋದು ನನ್ನಂಥವರಿಗೆ ಕಾಣೋದೇ ಇಲ್ಲ.

ಅಂಕಿ ಹೇಳುವುದು

ಕೇಂದ್ರದ ಯುಡೈಸ್ ಪ್ಲಸ್ 2024-25 ವರದಿ ಪ್ರಕಾರ, ದೇಶದ ಶೇ 64.7 ಶಾಲೆಗಳಲ್ಲಿ ಕಂಪ್ಯೂಟರ್, ಶೇ 63.5 ಶಾಲೆಗಳಲ್ಲಿ ಇಂಟರ್ನೆಟ್ ಇದೆ. ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವೂ ಇದೆ: ಒಂದು ಲಕ್ಷಕ್ಕೂ ಹೆಚ್ಚು ಶಾಲೆಗಳಲ್ಲಿ ಇರುವುದು ಒಬ್ಬರೇ ಶಿಕ್ಷಕರು. ಇಂಥ ಶಾಲೆಗೆ ಸ್ಕ್ರೀನ್ ಕೊಟ್ಟು, ‘ಇನ್ನೊಬ್ಬ ಟೀಚರ್ ಯಾಕೆ?’ ಅಂತ ಕೇಳುವ ದಿನ ಬರಬಾರದು. ನನ್ನ ಭಯ ಇರೋದು ಅಲ್ಲೇ. ಸ್ಕ್ರೀನ್ ನೇಮಕಾತಿಗೆ ಬದಲಿ ಆಗಬಾರದು.

ಮಕ್ಕಳ ಮಾಹಿತಿ ಎಲ್ಲಿಗೆ?

ಹ್ಯೂಮನ್ ರೈಟ್ಸ್ ವಾಚ್ 2022ರಲ್ಲಿ, 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ್ದ 160ಕ್ಕೂ ಹೆಚ್ಚು ಆನ್‌ಲೈನ್ ಕಲಿಕಾ ಸಾಧನಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಶೇ 89ರಷ್ಟು ಮಕ್ಕಳ ಮಾಹಿತಿಯ ವಿಷಯದಲ್ಲಿ ಅವರ ಹಕ್ಕುಗಳಿಗೆ ಅಪಾಯ ಒಡ್ಡುತ್ತವೆ ಅಥವಾ ಧಕ್ಕೆ ತರುತ್ತವೆ ಎಂದು ಅದು ಹೇಳಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಶಿಕ್ಷಣ ಸಂಸ್ಥೆಗಳಿಗೆ ಕೆಲವು ವಿನಾಯಿತಿಗಳೂ ಇವೆ. ಆ ವಿನಾಯಿತಿಯ ಗೆರೆ ಎಲ್ಲಿ ಮುಗಿಯುತ್ತೆ ಅನ್ನೋದನ್ನ ಪೋಷಕರು ಕೇಳಲೇಬೇಕು.

ಹಾಗಾದ್ರೆ ಬೇಡವಾ?

ಬೇಕು. ಹೃದಯದ ಕವಾಟ ತೆರೆದು ಮುಚ್ಚುವುದನ್ನು ನಾನು ಸೀಮೆಸುಣ್ಣದಲ್ಲಿ ಎಷ್ಟು ಬರೆದರೂ ಎರಡು ನಿಮಿಷದ ವಿಡಿಯೊಗೆ ಸಮ ಆಗಲ್ಲ. ದೃಷ್ಟಿದೋಷ ಇರುವ ಮಗುವಿಗೆ ಪಾಠ ಓದಿ ಹೇಳುವ ತಂತ್ರಾಂಶ ವರವೇ ಸರಿ. ಆದರೆ ವಿಡಿಯೊ ಎಲ್ಲಿ ನಿಲ್ಲಿಸಿ ‘ಈಗೇನಾಯ್ತು ಹೇಳಿ ನೋಡೋಣ’ ಅಂತ ಕೇಳಬೇಕು ಅನ್ನೋದು ನನ್ನ ತೀರ್ಮಾನ ಆಗಿರಬೇಕು.

ನಿಮ್ಮೂರ ಶಾಲೆಗೆ ಹೊಸ ಸಾಧನ ಬರುವಾಗ ಎಸ್‌ಡಿಎಂಸಿ ಸಭೆಯಲ್ಲಿ ನಾಲ್ಕು ಪ್ರಶ್ನೆ ಕೇಳಿ:

1. ಪಾಠ ಕನ್ನಡದಲ್ಲಿದೆಯಾ, ಮಗುವಿಗೆ ಅರ್ಥವಾಗುವ ಕನ್ನಡದಲ್ಲಿದೆಯಾ?
2. ಕೆಟ್ಟರೆ ರಿಪೇರಿ ಯಾರು ಮಾಡ್ತಾರೆ, ದುಡ್ಡು ಯಾರದ್ದು?
3. ಮಕ್ಕಳ ಮಾಹಿತಿ ಯಾರ ಬಳಿ ಉಳಿಯುತ್ತೆ?
4. ಖರೀದಿಗೆ ಮುಂಚೆ ಶಿಕ್ಷಕರನ್ನ ಕೇಳಿದ್ರಾ?

ನಾಲ್ಕನೆಯದಕ್ಕೆ ‘ಇಲ್ಲ’ ಅಂತ ಉತ್ತರ ಬಂದರೆ, ಆ ಸಾಧನಕ್ಕೆ ಬೀರುವಿನಲ್ಲಿ ಧೂಳು ಹಿಡಿದಾಗ ಶಿಕ್ಷಕರನ್ನು ಬೈಯಬೇಡಿ.