ದೇಶವಿಲ್ಲದ ಮೇಷ್ಟರು

ಜಪಾನಿನ ಏಳಿಗೆಯ ಮಾತು ಬಂದಾಗಲೆಲ್ಲ, ವಿಶ್ವೇಶ್ವರಯ್ಯನವರು 1898ರಲ್ಲಿ ಆ ದೇಶಕ್ಕೆ ಹೋಗಿ ಬಂದದ್ದನ್ನು ನೆನೆಯುವುದು ನಮ್ಮಲ್ಲಿ ವಾಡಿಕೆ. ಅದೇ ವರ್ಷದ ಮಾರ್ಚಿಯಲ್ಲಿ ಟೋಕಿಯೋದಲ್ಲಿ ಒಬ್ಬ ಮುದಿ ಪಾದ್ರಿ ತೀರಿಕೊಂಡರು. ಅವರ ಹೆಸರು ಗಿಡೊ ವರ್ಬೆಕ್. ನಮ್ಮವರು ನೋಡಿ ಬೆರಗಾದ ಆ ಹೊಸ ಜಪಾನನ್ನು ಕಟ್ಟಿದವರಲ್ಲಿ ಹಲವರಿಗೆ ಇಂಗ್ಲಿಷಿನ ಅಕ್ಷರ ಕಲಿಸಿದವರು ಇವರು. ಇವರ ಕಥೆ ಓದಿದಾಗಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಮೇಷ್ಟರು ಕೊಡಲು ಬಂದದ್ದೊಂದು, ಶಿಷ್ಯರು ಕೊಂಡುಹೋದದ್ದೊಂದು ಆದರೆ ಆ ಮೇಷ್ಟರು ಗೆದ್ದರೆನ್ನಬೇಕೋ, ಸೋತರೆನ್ನಬೇಕೋ?

ವರ್ಬೆಕ್ ಹುಟ್ಟಿದ್ದು 1830ರಲ್ಲಿ, ಹಾಲೆಂಡಿನ ಜೈಸ್ಟ್ ಎಂಬ ಊರಿನಲ್ಲಿ. ಕಲಿತದ್ದು ಎಂಜಿನಿಯರಿಂಗ್. 1852ರಲ್ಲಿ ಅಮೆರಿಕಕ್ಕೆ ಹೋಗಿ ಕೆಲಸದಲ್ಲಿದ್ದಾಗ ಕಾಲರಾ ತಗುಲಿತು. ಬದುಕಿ ಉಳಿದರೆ ಧರ್ಮಪ್ರಚಾರಕ್ಕೆ ನಿಲ್ಲುವೆನೆಂದು ಹಾಸಿಗೆಯಲ್ಲೇ ಸಂಕಲ್ಪ ಮಾಡಿದರಂತೆ. ಬದುಕಿದರು, ಆಡಿದ ಮಾತನ್ನು ಉಳಿಸಿಕೊಂಡರು. 1859ರ ನವೆಂಬರಿನಲ್ಲಿ ನಾಗಸಾಕಿಯ ಬಂದರಿನಲ್ಲಿ ಬಂದಿಳಿದರು. ಅಮೆರಿಕದ ಮಿಷನ್ನಿಗೆ ಡಚ್ಚರವನೇ ಏಕೆ ಬೇಕಾಗಿದ್ದನೆಂದರೆ, ಅದುವರೆಗೆ ಎರಡು ಶತಮಾನಗಳ ಕಾಲ ಜಪಾನಿನಲ್ಲಿ ವ್ಯಾಪಾರ ಮಾಡಲು ಅನುಮತಿಯಿದ್ದ ಐರೋಪ್ಯರು ಡಚ್ಚರು ಮಾತ್ರ; ಅಲ್ಲಿನ ದುಭಾಷಿಗಳಿಗೆ ಬರುತ್ತಿದ್ದ ಪಶ್ಚಿಮದ ಭಾಷೆಯೂ ಅದೇ. ತಾಯ್ನುಡಿಯ ಸೇತುವೆಯ ಮೇಲೆ ನಿಂತು ಇಂಗ್ಲಿಷ್ ಕಲಿಸುವ ಅನುಕೂಲ ಅವರಿಗಿತ್ತು.

ಅನುಕೂಲವಿದ್ದದ್ದು ಅದೊಂದೇ. 1614ರಿಂದ ಆ ದೇಶದಲ್ಲಿ ಕ್ರೈಸ್ತಮತ ನಿಷಿದ್ಧ. ಬೀದಿಬೀದಿಗಳಲ್ಲಿ ಮರದ ಹಲಗೆಗಳ ಮೇಲೆ ಆ ಆಜ್ಞೆ ಬರೆದು ನಿಲ್ಲಿಸಿದ್ದರು. ವಿದೇಶೀಯರು ತಮ್ಮ ವಸತಿಯಲ್ಲಿ ಪ್ರಾರ್ಥನೆ ಮಾಡಿಕೊಳ್ಳಬಹುದಿತ್ತು. ಜಪಾನೀಯನೊಬ್ಬ ದೀಕ್ಷೆ ಪಡೆದರೆ ಅವನ ತಲೆಗೇ ಅಪಾಯ. ಪ್ರಚಾರ ಮಾಡಲಾಗದ ಪ್ರಚಾರಕ ಮಾಡುವುದೇನು? ಜನರಿಗೆ ಬೇಕಾಗಿದ್ದದ್ದು ಇಂಗ್ಲಿಷ್. ವರ್ಬೆಕ್ ಅದನ್ನು ಕಲಿಸಿದರು. 1864ರಲ್ಲಿ ನಾಗಸಾಕಿಯ ಸರಕಾರಿ ಶಾಲೆಯೇ ಅವರನ್ನು ಸಂಬಳ ಕೊಟ್ಟು ನೇಮಿಸಿಕೊಂಡಿತು. ಒಂದು ಕೈಯಲ್ಲಿ ಮತವನ್ನು ನಿಷೇಧಿಸುವ ಸರಕಾರ ಇನ್ನೊಂದು ಕೈಯಿಂದ ಅದರ ಪಾದ್ರಿಗೆ ಸಂಬಳ ಎಣಿಸಿತು!

ನಮ್ಮ ಕಡೆಯ ಮಿಷನ್ ಶಾಲೆಗಳಲ್ಲಿ ಬೈಬಲ್ ಪಾಠಕ್ಕೆ ಗಂಟೆ ಗೊತ್ತಾಗಿರುತ್ತಿತ್ತು. ಇಷ್ಟವಿರಲಿ ಬಿಡಲಿ, ಹುಡುಗರು ಕೂತು ಕೇಳುತ್ತಿದ್ದರು. ನಾಗಸಾಕಿಯಲ್ಲಿ ಇದು ತಿರುಗುಮುರುಗು. ಸಾಗಾ ಸೀಮೆಯಿಂದ ಬಂದ ಒಕುಮ ಶಿಗೆನೊಬು, ಸೊಯೆಜಿಮ ತಾನೆಒಮಿ ಎಂಬ ತರುಣ ಸಮುರಾಯಿಗಳಿಗೆ ವರ್ಬೆಕ್ ಎರಡು ಗ್ರಂಥಗಳನ್ನು ಪೂರ್ತಿಯಾಗಿ ಪಾಠ ಹೇಳಿದರು: ಒಂದು ಹೊಸ ಒಡಂಬಡಿಕೆ, ಇನ್ನೊಂದು ಅಮೆರಿಕದ ರಾಜ್ಯಾಂಗ. ಈ ಪಶ್ಚಿಮದವರ ಬಲದ ಗುಟ್ಟೇನು ಎಂಬುದು ತರುಣರ ಕುತೂಹಲ. ಮೇಷ್ಟರ ಮನಸ್ಸು ಮೊದಲನೆಯ ಗ್ರಂಥದ ಮೇಲೆ, ಶಿಷ್ಯರ ಕಣ್ಣು ಎರಡನೆಯದರ ಮೇಲೆ ಎಂದು ನನ್ನ ಊಹೆ.

ಮತಕ್ಕೆ ಒಲಿದವರು ಇರಲೇ ಇಲ್ಲವೆಂದಲ್ಲ. ಸಾಗಾದ ಹಿರಿಯ ಅಧಿಕಾರಿ ಮುರಾತನ ಕಥೆ ಕಾದಂಬರಿಯಂತಿದೆ. ಬಂದರಿನ ಕಾವಲಿನಲ್ಲಿದ್ದಾಗ ನೀರಿನಲ್ಲಿ ತೇಲುತ್ತಿದ್ದ ಪುಸ್ತಕವೊಂದು ಅವನಿಗೆ ಸಿಕ್ಕಿತು. ವಿಚಾರಿಸಿದರೆ ಅದು ಬೈಬಲ್. ಚೀನೀ ಭಾಷೆಯ ಅನುವಾದವನ್ನು ತರಿಸಿ ಓದಿದ. ಪದವಿಯಲ್ಲಿದ್ದವನು ಪಾದ್ರಿಯ ಮನೆಗೆ ಹೋಗುವಂತಿಲ್ಲ. ಸಂದೇಹಗಳನ್ನು ಬರೆದು ಆಳಿನ ಕೈಲಿ ಕಳಿಸುವನು, ವರ್ಬೆಕ್ ಉತ್ತರ ಹೇಳಿ ಕಳಿಸುವರು. ಹೀಗೆ ದೂತನ ಮೂಲಕ ವರ್ಷಗಟ್ಟಲೆ ಪಾಠ ನಡೆಯಿತು. 1866ರ ಮೇ ತಿಂಗಳಲ್ಲಿ ಮುರಾತ ತಮ್ಮನೊಡನೆ ಬಂದು ಗುಟ್ಟಾಗಿ ದೀಕ್ಷೆ ಪಡೆದ. ಆ ದಶಕದಲ್ಲಿ ವರ್ಬೆಕ್ಕರ ಕೈಯಿಂದ ದೀಕ್ಷೆಯಾದವರನ್ನು ಬೆರಳುಗಳಲ್ಲಿ ಎಣಿಸಬಹುದು.

ಇನ್ನು ಒಕುಮನ ವಿಷಯ. 1868ರಲ್ಲಿ ಮೈಜಿ ಸರಕಾರ ಬಂದರೂ ನಿಷೇಧದ ಹಲಗೆಗಳು ಹೋಗಲಿಲ್ಲ. ನಾಗಸಾಕಿಯ ಪಕ್ಕದ ಉರಕಾಮಿಯಲ್ಲಿ ತಲೆಮಾರುಗಳಿಂದ ಗುಪ್ತವಾಗಿ ಕ್ಯಾಥೊಲಿಕ್ ಮತ ಪಾಲಿಸಿಕೊಂಡು ಬಂದ ಹಳ್ಳಿಗರು ಹೊರಬಿದ್ದಿದ್ದರು. ಅವರಲ್ಲಿ 3,000ಕ್ಕೂ ಹೆಚ್ಚು ಮಂದಿಯನ್ನು ಸರಕಾರ ಗಡೀಪಾರು ಮಾಡಿತು. 600ಕ್ಕೂ ಹೆಚ್ಚು ಜನ ಹಿಂತಿರುಗಲಿಲ್ಲ. ಬ್ರಿಟಿಷ್ ರಾಯಭಾರಿ ಪಾರ್ಕ್ಸ್ ಗುಡುಗಿದಾಗ ಎದುರು ನಿಂತು ವಾದಿಸಿದವನು ಒಕುಮ. ನಮ್ಮ ದೇಶದ ವ್ಯವಹಾರದಲ್ಲಿ ಪರರಿಗೇನು ಕೆಲಸವೆಂಬುದು ಅವನ ವಾದ. ಪಶ್ಚಿಮದ ಮತ, ಕಾನೂನುಗಳ ಅರಿವನ್ನು ಅವನು ಪಡೆದದ್ದು ವರ್ಬೆಕ್ಕರ ಕೊಠಡಿಯಲ್ಲಿ. ಆ ಜಾಣ್ಮೆಯಿಂದಲೇ ಅವನು ಮೇಲಕ್ಕೇರಿದ. ಗುರುವಿನ ವಿದ್ಯೆ ಗುರುವಿನ ಮತದವರ ವಿರುದ್ಧ ವಕಾಲತ್ತು ವಹಿಸಿತು. ಆದರೂ ವರ್ಬೆಕ್ ಶಿಷ್ಯನನ್ನು ಬಿಡಲಿಲ್ಲ; ನನಗೆ ಅವರು ದೊಡ್ಡವರಾಗಿ ಕಾಣುವುದು ಇಲ್ಲಿ.

1869ರಲ್ಲಿ ಟೋಕಿಯೋಕ್ಕೆ ಕರೆ ಬಂತು. ಮುಂದೆ ಟೋಕಿಯೋ ವಿಶ್ವವಿದ್ಯಾನಿಲಯವಾದ ಶಾಲೆಗೆ ಅವರು ಮುಖ್ಯಸ್ಥರಾದರು. ಅದೇ ವರ್ಷ ಒಕುಮನಿಗೆ ಒಂದು ಸಲಹೆ ಬರೆದು ಕೊಟ್ಟರು: ನಿಮ್ಮ ಮುಖ್ಯಸ್ಥರನ್ನು ಅಮೆರಿಕ, ಯೂರೋಪುಗಳಿಗೆ ಕಳಿಸಿ, ಕಣ್ಣಾರೆ ನೋಡಿ ಬರಲಿ. ಕಾಗದ ಎರಡು ವರ್ಷ ಮಲಗಿತ್ತು. 1871ರ ಡಿಸೆಂಬರಿನಲ್ಲಿ ಇವಾಕುರ ನಿಯೋಗ ಯೊಕೊಹಾಮದಿಂದ ಹಡಗು ಹತ್ತಿತು. ಹೋದಹೋದಲ್ಲೆಲ್ಲ ಅವರಿಗೆ ಎದುರಾದ ಪ್ರಶ್ನೆ, ಕ್ರೈಸ್ತರನ್ನೇಕೆ ಪೀಡಿಸುತ್ತೀರಿ ಎಂದು. ನಿಯೋಗ ಇನ್ನೂ ಪರದೇಶದಲ್ಲಿದ್ದಾಗಲೇ, 1873ರ ಫೆಬ್ರವರಿಯಲ್ಲಿ, ಹಲಗೆಗಳು ಕೆಳಗಿಳಿದವು. ಹದಿಮೂರು ವರ್ಷ ಪಾಠ ಹೇಳಿ ಆಗದ ಕೆಲಸವನ್ನು ಒಂದು ಪ್ರವಾಸದ ಸಲಹೆ ಹೀಗೆ ಸುತ್ತುದಾರಿಯಲ್ಲಿ ಮುಂದಕ್ಕೆ ತಳ್ಳಿತು.

ಆಮೇಲೆ ಸರಕಾರಿ ಕೆಲಸ ಬಿಟ್ಟು ಅವರು ತಮ್ಮ ಮೊದಲ ಕಸುಬಿಗೆ ಮರಳಿದರು. ಕೀರ್ತನೆಗಳನ್ನೂ ಯೆಶಾಯನ ಗ್ರಂಥವನ್ನೂ ಜಪಾನೀ ಭಾಷೆಗೆ ತರುವುದರಲ್ಲಿ ದುಡಿದರು. ಹಾಲೆಂಡಿನ ಪ್ರಜೆಯಾಗಿ ಅವರು ಉಳಿದಿರಲಿಲ್ಲ, ಅಮೆರಿಕದ ಪ್ರಜೆಯಾಗಿ ದಾಖಲಾಗಿರಲಿಲ್ಲ. ವಿದೇಶೀಯರು ರಹದಾರಿಯಿಲ್ಲದೆ ಒಳನಾಡಿನಲ್ಲಿ ಓಡಾಡುವಂತಿಲ್ಲದ ಆ ಕಾಲದಲ್ಲಿ ಇವರಿಗೆ ರಹದಾರಿ ಕೊಡುವ ದೇಶವೇ ಇರಲಿಲ್ಲ. ಕೊನೆಗೆ 1891ರಲ್ಲಿ ಜಪಾನ್ ಸರಕಾರವೇ, ದೇಶದಲ್ಲಿ ಎಲ್ಲಿ ಬೇಕಾದರೂ ಸಂಚರಿಸಿ ನೆಲೆಸಬಹುದೆಂದು ವಿಶೇಷ ಪತ್ರ ಮಾಡಿಕೊಟ್ಟಿತು.

ಟೋಕಿಯೋದ ಅವೊಯಾಮ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಅವರು ಮಣ್ಣಾದ ಮೂರು ತಿಂಗಳ ಮೇಲೆ, 1898ರ ಜೂನಿನಲ್ಲಿ, ಒಕುಮ ಜಪಾನಿನ ಪ್ರಧಾನಮಂತ್ರಿಯಾದ. ಅವನು ಕಡೆಯವರೆಗೂ ಕ್ರೈಸ್ತನಾಗಲಿಲ್ಲ.