ಕಾವೇರಿ ತೀರದಿಂದ ಹೊರಟ ಒಬ್ಬ ಚಿತ್ರ ನಿರ್ದೇಶಕ



ನಂಜನಗೂಡಿನಲ್ಲಿಯೂ ತಿರುಮಕೂಡಲು ನರಸೀಪುರದಲ್ಲಿಯೂ ಇತಿಹಾಸ ಬೋಧಿಸುತ್ತಿದ್ದಾಗ ನಾನು ಮತ್ತೆ ಮತ್ತೆ ಹೇಳುತ್ತಿದ್ದ ಮಾತೊಂದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕಾನೂನು ಬದಲಾದ ದಿನಾಂಕ ಪುಸ್ತಕದಲ್ಲಿ ಸಿಗುತ್ತದೆ. ಮನೆಯೊಳಗಿನ ಮನಸ್ಸು ಬದಲಾದ ದಿನಾಂಕವನ್ನು ಯಾರೂ ಬರೆದಿಡುವುದಿಲ್ಲ. ಇವೆರಡನ್ನೂ ಜೊತೆಯಲ್ಲಿಟ್ಟು ನೋಡಲು ಅನುಕೂಲವಾದ ಒಂದು ಜೀವನವನ್ನು ಇಂದು ನಿಮಗೆ ಪರಿಚಯಿಸಬೇಕೆಂದಿದ್ದೇನೆ. ಅವರು ಚಿತ್ರಕಥೆಗಾರ, ನಿರ್ದೇಶಕ ಶ್ರೀಧರ್ ರಂಗಾಯನ್. ಹುಟ್ಟಿದ್ದು 1962ರಲ್ಲಿ, ನಮ್ಮ ಪಕ್ಕದ ಮಂಡ್ಯದಲ್ಲಿ. ಮಂಡ್ಯ ಜಿಲ್ಲೆ 1939ರವರೆಗೂ ಮೈಸೂರು ಜಿಲ್ಲೆಯ ಭಾಗವೇ ಆಗಿದ್ದುದರಿಂದ ಅವರನ್ನು ನಮ್ಮವರೆಂದು ಕರೆಯಲು ನನಗೆ ಸಂಕೋಚವಿಲ್ಲ.

ರಂಗಾಯನ್ ಅವರು ಸಲಿಂಗಪ್ರೇಮಿ. ಅದನ್ನು ಅವರು ಮುಚ್ಚಿಟ್ಟವರಲ್ಲ. ಈ ಪದವನ್ನು ಕೇಳಿದೊಡನೆ ಮುಖ ತಿರುಗಿಸುವ ಹಿರಿಯರು ನಮ್ಮ ಬಂಧುವರ್ಗದಲ್ಲಿಯೂ ಇದ್ದಾರೆ. ಅವರು ದಯವಿಟ್ಟು ಕೊನೆಯವರೆಗೆ ಓದಬೇಕೆಂದು ಪ್ರಾರ್ಥನೆ.

ಮುಂಬಯಿಯ ಐಐಟಿಯಲ್ಲಿ ದೃಶ್ಯ ಸಂವಹನ ವಿನ್ಯಾಸವನ್ನು ಅಭ್ಯಸಿಸಿದ ರಂಗಾಯನ್ ಅದೇ ನಗರದಲ್ಲಿ ನೆಲೆ ನಿಂತರು. ಸಲಿಂಗಪ್ರೇಮಿಗಳ ಆರೋಗ್ಯ ಮತ್ತು ಹಕ್ಕುಗಳಿಗಾಗಿ 1994ರಲ್ಲಿ ಆರಂಭವಾದ ಹಮ್‌ಸಫರ್ ಟ್ರಸ್ಟ್‌ನ ಸ್ಥಾಪಕ ಸದಸ್ಯರಲ್ಲಿ ಅವರೂ ಒಬ್ಬರು. ಜೀವನೋಪಾಯಕ್ಕೆ ದೂರದರ್ಶನ ವಾಹಿನಿಗಳಿಗೆ ದುಡಿದರು. ಜೀ ಟೀವಿಯ 'ರಿಶ್ತೆ' ಮಾಲಿಕೆಗೆ ಕಥಾಚಿತ್ರಗಳನ್ನು ಮಾಡಿಕೊಟ್ಟರು. 2001ರಲ್ಲಿ ಸಾಗರ್ ಗುಪ್ತಾ ಅವರೊಡನೆ ಸೋಲಾರಿಸ್ ಪಿಕ್ಚರ್ಸ್ ಎಂಬ ಸ್ವಂತ ಸಂಸ್ಥೆಯನ್ನು ಕಟ್ಟಿದ ಮೇಲೆ ತಮಗೆ ಬೇಕಾದ ಕಥೆಯನ್ನು ಹೇಳಲು ಸಾಧ್ಯವಾಯಿತು.

ಸಾಧ್ಯವಾಯಿತು ಎಂದೆನಾದರೂ ತೋರಿಸಲು ಸಾಧ್ಯವಾಗಲಿಲ್ಲ. ಸ್ತ್ರೀವೇಷ ತೊಡುವ ಗಂಡಸರ ಬದುಕನ್ನು ನಗೆಯೊಂದಿಗೆ ಹೇಳುವ 'ಗುಲಾಬಿ ಆಯಿನಾ' ಎಂಬ ಕಿರುಚಿತ್ರಕ್ಕೆ 2003ರಲ್ಲಿ ಸೆನ್ಸಾರ್ ಮಂಡಳಿ ಪ್ರಮಾಣಪತ್ರವನ್ನು ನಿರಾಕರಿಸಿತು. ಹೊರದೇಶಗಳ ಚಿತ್ರೋತ್ಸವಗಳಲ್ಲಿ ಬಹುಮಾನ ಪಡೆದ ಚಿತ್ರವನ್ನು ನಮ್ಮ ಚಿತ್ರಮಂದಿರಗಳಲ್ಲಿ ನೋಡುವಂತಿರಲಿಲ್ಲ. ಅನಂತರ 2007ರಲ್ಲಿ ಬಂದ '68 ಪೇಜಸ್' ಒಬ್ಬ ಆಪ್ತಸಮಾಲೋಚಕಿಯ ದಿನಚರಿಯ ಪುಟಗಳ ಮೂಲಕ ಎಚ್‌ಐವಿ ಸೋಂಕಿತರ ಬಾಳನ್ನು ಹೇಳಿತು. 2010ರಲ್ಲಿ ಅವರು ಮುಂಬಯಿಯಲ್ಲಿ 'ಕಶಿಶ್' ಚಿತ್ರೋತ್ಸವವನ್ನು ಆರಂಭಿಸಿದರು. ಇಂತಹ ಚಿತ್ರಗಳು ಕದ್ದುಮುಚ್ಚಿ ನೋಡುವಂಥವಾಗದೆ, ಎಲ್ಲರೂ ಟಿಕೆಟ್ಟು ಕೊಂಡು ಹೋಗುವ ಚಿತ್ರಮಂದಿರದಲ್ಲಿಯೇ ಪ್ರದರ್ಶನಗೊಂಡದ್ದು ಅದರ ವಿಶೇಷ.

ಇನ್ನು ಕಾನೂನಿನ ಕಡೆ ನೋಡೋಣ. ಬ್ರಿಟಿಷರು 1860ರಲ್ಲಿ ರಚಿಸಿದ ದಂಡಸಂಹಿತೆಯ 377ನೇ ಕಲಮಿನ ಪ್ರಕಾರ ಇಂತಹವರ ಖಾಸಗಿ ಪ್ರೀತಿಯೂ ಅಪರಾಧವಾಗಿತ್ತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟು, ವಯಸ್ಕರ ಖಾಸಗಿ ಒಪ್ಪಿತ ಸಂಬಂಧಕ್ಕೆ ಅದು ಅನ್ವಯಿಸದೆಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಪಡಿಸಿತು. ನಾಲ್ಕು ವರ್ಷ ತಲೆಯೆತ್ತಿ ನಡೆದವರು ಒಂದೇ ಬೆಳಗಿನಲ್ಲಿ ಮತ್ತೆ ಅಪರಾಧಿಗಳಾದರು! ಈ ಕಲಮಿನಿಂದ ನೊಂದವರ ಮಾತುಗಳನ್ನೇ ದಾಖಲಿಸಿದ ರಂಗಾಯನ್ ಅವರ ಸಾಕ್ಷ್ಯಚಿತ್ರ 'ಬ್ರೇಕಿಂಗ್ ಫ್ರೀ' 2015ರಲ್ಲಿ ಬಂದಿತು. ಅದರ ಸಂಕಲನಕಾರ ಪ್ರವೀಣ್ ಆಂಗ್ರೆ ಅವರಿಗೆ 63ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಲಭಿಸಿತು. 377ನೇ ಕಲಮು ಇನ್ನೂ ಜಾರಿಯಲ್ಲಿದ್ದಾಗಲೇ ಅದರ ವಿರುದ್ಧ ಸಾಕ್ಷಿ ನುಡಿದ ಚಿತ್ರಕ್ಕೆ ಸರ್ಕಾರದ ಪ್ರಶಸ್ತಿ. ಇತಿಹಾಸದ ವಿದ್ಯಾರ್ಥಿ ಇಂತಹ ವೈಚಿತ್ರ್ಯಗಳನ್ನು ಗುರುತು ಹಾಕಿಕೊಳ್ಳಬೇಕು.

ಕೊನೆಗೆ ರಂಗಾಯನ್ ತವರಿನ ಕಡೆಗೆ ಬಂದರು. 'ಈವ್ನಿಂಗ್ ಶ್ಯಾಡೋಸ್' ಎಂಬ ಅವರ ಹಿಂದಿ ಕಥಾಚಿತ್ರವನ್ನು ಶ್ರೀರಂಗಪಟ್ಟಣದ ಪರಿಸರದಲ್ಲಿ ಚಿತ್ರಿಸಲಾಯಿತು. ಚಿತ್ರಕಥೆ ರಂಗಾಯನ್ ಮತ್ತು ಸಾಗರ್ ಗುಪ್ತಾ ಅವರದು. ಹಣ ಬಹುಮಟ್ಟಿಗೆ ಸಾರ್ವಜನಿಕರಿಂದ ಕೂಡಿಬಂದದ್ದು. ಮುಂಬಯಿಯಿಂದ ಊರಿಗೆ ಬಂದ ಮಗ ಕಾರ್ತಿಕ್; ಅವನಿಗೆ ಹೆಣ್ಣು ಗೊತ್ತುಮಾಡಲು ಹೊರಟ ಮನೆಯವರು; ಮನೆಯಲ್ಲಿ ಅಪ್ಪನದೇ ಕೊನೆಯ ಮಾತು. ತನ್ನ ಸತ್ಯವನ್ನು ಮಗ ಮೊದಲು ಹೇಳಿಕೊಳ್ಳುವುದು ತಾಯಿ ವಸುಧಾಳಿಗೆ. ಮೋನಾ ಅಂಬೆಗಾಂವ್ಕರ್ ಅಭಿನಯಿಸಿದ ಈ ತಾಯಿ ಆಘಾತಗೊಳ್ಳುತ್ತಾಳೆ, ಅಳುತ್ತಾಳೆ, ನಿಧಾನವಾಗಿ ಯೋಚಿಸುತ್ತಾಳೆ. ಯೋಚಿಸತೊಡಗಿದ ಮೇಲೆ, ತಾನೂ ಆ ಮನೆಯಲ್ಲಿ ಬಾಯಿ ಬಿಡದೆ ಬದುಕಿದವಳೆಂಬುದು ಅವಳಿಗೆ ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಚಿತ್ರದ ತಿರುಳು ಇದೇ.

ಈ ಚಿತ್ರ 2018ರ ಆರಂಭದಲ್ಲಿ ಚಿತ್ರೋತ್ಸವಗಳಿಗೆ ಹೋದಾಗ ಕಾರ್ತಿಕ್‌ನಂತಹವರ ಪ್ರೀತಿ ಕಾನೂನಿನ ಕಣ್ಣಿನಲ್ಲಿ ಅಪರಾಧ. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ಕಳಂಕವನ್ನು ತೊಡೆದುಹಾಕಿತು. 2019ರ ಆರಂಭದಲ್ಲಿ ಚಿತ್ರ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದಾಗ ಅವರು ಅಪರಾಧಿಗಳಲ್ಲ. ಚಿತ್ರದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ, ದೇಶ ಬದಲಾಗಿತ್ತು. ಮದುವೆಯ ಹಕ್ಕನ್ನು ಮಾತ್ರ ಅದೇ ನ್ಯಾಯಾಲಯ 2023ರ ಅಕ್ಟೋಬರ್ 17ರಂದು ಮಾನ್ಯಮಾಡಲಿಲ್ಲ.

ನ್ಯಾಯಾಲಯದ ಕೆಲಸ ಅಲ್ಲಿಗೆ ನಿಂತಿದೆ. ಮನೆಯ ಕೆಲಸ ನಮ್ಮ ಸೀಮೆಯಲ್ಲಿ ಇನ್ನೂ ಸರಿಯಾಗಿ ಆರಂಭವಾಗಿಲ್ಲ. ಮೂವತ್ತು ದಾಟಿದ ಮಗ ಬೆಂಗಳೂರಿನಿಂದ ದೊಡ್ಡ ಜಾತ್ರೆಗೂ ಬರುವುದಿಲ್ಲವೆಂದು ಕೊರಗುವ ತಂದೆತಾಯಿಗಳನ್ನು ನಾನು ಕಂಡಿದ್ದೇನೆ. ಬಂದರೆ ಜಾತಕ ಮುಂದಿಡುತ್ತಾರೆಂಬ ಅಂಜಿಕೆ ಕೆಲವು ಮಕ್ಕಳಿಗೆ. "ಮದುವೆ ಮಾಡಿದರೆ ಎಲ್ಲಾ ಸರಿಹೋಗುತ್ತದೆ" ಎಂಬ ಮಾತಿನಿಂದ ಕೆಡುವುದು ಒಂದು ಬಾಳಲ್ಲ, ಎರಡು. ಏನೂ ಅರಿಯದೆ ಸೇರೊದ್ದು ಒಳಗೆ ಬಂದ ಹೆಣ್ಣುಮಗಳು ಮಾಡಿದ ತಪ್ಪಾದರೂ ಏನು?

ನನ್ನ ತರಗತಿಗಳಲ್ಲಿ ಕುಳಿತ ಸಾವಿರಾರು ಮಕ್ಕಳಲ್ಲಿ ಇಂತಹವರು ಇದ್ದೇ ಇರುತ್ತಾರೆ. ಇದನ್ನು ಓದುತ್ತಿರುವವರಲ್ಲಿಯೂ ಇರಬಹುದು. ನೀವು ಅಂದೂ ನನ್ನ ವಿದ್ಯಾರ್ಥಿಗಳು, ಇಂದೂ ಅಷ್ಟೇ. ನಮ್ಮ ಮನೆಗೆ ಬರಲು ಯಾವ ವಿವರಣೆಯನ್ನೂ ಕೊಡಬೇಕಾಗಿಲ್ಲ. ತಂದೆತಾಯಿಗಳಲ್ಲಿ ನನ್ನ ಕೋರಿಕೆ ಒಂದೇ. ಮಗ ಅಥವಾ ಮಗಳು ಏನನ್ನೋ ಹೇಳಲು ತಡವರಿಸಿದರೆ, ವಸುಧಾಳಂತೆ ಅತ್ತಾದರೂ ಸರಿ, ಪೂರ್ತಿಯಾಗಿ ಕೇಳಿಸಿಕೊಳ್ಳಿ.

ಶ್ರೀರಂಗಪಟ್ಟಣವನ್ನು ಬಳಸಿ ಬಂದ ಕಾವೇರಿಯೇ ನಮ್ಮ ತಿರುಮಕೂಡಲಿನಲ್ಲಿ ನಂಜನಗೂಡಿನ ಕಪಿಲೆಯನ್ನು ಕೂಡಿಕೊಳ್ಳುತ್ತದೆ. ಆ ಚಿತ್ರದ ತಾಯಿ ತೋರಿದ ತಾಳ್ಮೆಯೂ ನಮ್ಮ ಮನೆಗಳವರೆಗೆ ಹರಿದು ಬರಲಿ.